ಎದುರಿಗೆ ಬಂದ ತುಂಬಿದ ಕೊಡ

ಮೊಮ್ಮಗಳ ಶಾಲೆಯಿಂದ ಒಂದು ಬಣ್ಣದ ಪುಸ್ತಕ ಬಂದಿದೆ. ಎಡಗಡೆ ಒಂದು ಚಿತ್ರ, ಬಲಗಡೆ ಅದಕ್ಕೆ ವಿರುದ್ಧವಾದ ಚಿತ್ರ, ನಡುವೆ ಗೆರೆ ಎಳೆದು ಸೇರಿಸಬೇಕು. ಹಗಲು-ರಾತ್ರಿ, ಅಳು-ನಗು, ದಪ್ಪ-ಸಣ್ಣ. ಮೂರನೇ ಹಾಳೆಯಲ್ಲಿ ಎರಡು ಲೋಟ, ಒಂದು ತುಂಬಿದ್ದು, ಇನ್ನೊಂದು ಖಾಲಿ. ಹುಡುಗಿ ಪಟ್ಟನೆ ಗೆರೆ ಎಳೆದು ಟಿವಿ ಮುಂದೆ ಓಡಿತು. ನಾನು ಮಾತ್ರ ಆ ಹಾಳೆ ಹಿಡಿದುಕೊಂಡು ಕೂತೆ... ಒಲೆ ಮೇಲಿನ ಹಾಲು ಉಕ್ಕಿ ಹೋಯಿತು, ಸೊಸೆ ಗೊಣಗಿದಳು. ಗೊಣಗಲಿ ಬಿಡಿ.

ಈ ಪಾಠವನ್ನು ನನಗೆ ಕಲಿಸಿದವರು ನಮ್ಮೂರ ಬಾಲವಾಡಿ ಅಕ್ಕೋರು. ಎಪ್ಪತ್ತರ ದಶಕದ ಕೊನೆ, ನನಗೆ ಐದು ವರ್ಷ. ಜಗಳೂರು ತಾಲೂಕಿನಲ್ಲಿ ಸೊಕ್ಕೆ ಹತ್ತಿರ ನಮ್ಮೂರು. ಚಾವಡಿ ಹಿಂದಿನ ತಗಡಿನ ಕೋಣೆಯೇ ಬಾಲವಾಡಿ. ಅಕ್ಕೋರಿಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಅವರ ಬರಿ ಹಣೆ ನೋಡಿ, ಪಾಠ ಹೇಳುವವರು ಕುಂಕುಮ ಇಟ್ಟುಕೊಳ್ಳಬಾರದೇನೋ ಅಂತ ನಾನು ತಿಳಿದಿದ್ದೆ.

ಪುಸ್ತಕ ಅನ್ನುವುದು ಅಲ್ಲಿ ಇರಲಿಲ್ಲ. ಅಕ್ಕೋರು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಬಿಸಿಲಲ್ಲೊಂದು ಕಾಲು, ಬೇವಿನ ಮರದ ನೆರಳಲ್ಲೊಂದು ಕಾಲು ಇಟ್ಟು ನಿಲ್ಲಿಸುತ್ತಿದ್ದರು. 'ಯಾವ್ದು ಸುಡ್ತೈತೆ? ಯಾವ್ದು ತಣ್ಣಗೈತೆ?' ಆಯಿತು, ಬಿಸಿ-ತಂಪು ಬಂತು. ಎರಡು ಕೊಡ ಇಟ್ಟು, ಒಂದಕ್ಕೆ ನೀರು ತುಂಬಿಸಿ, ಎರಡಕ್ಕೂ ಬೆರಳಿಂದ ಹೊಡೆಸುತ್ತಿದ್ದರು. ಖಾಲಿಯದು ಟಣ್ ಅನ್ನುತ್ತಿತ್ತು, ತುಂಬಿದ್ದು ದಬ್ ಅನ್ನುತ್ತಿತ್ತು. ನೀರಿನ ಉಲ್ಟಾ ಯಾವುದು ಅಂದರೆ ಒಬ್ಬ ಬೆಂಕಿ ಅಂದ, ಇನ್ನೊಬ್ಬಳು ಬಾಯಾರಿಕೆ ಅಂದಳು. ಅಕ್ಕೋರು ಎರಡೂ ಸರಿ ಅಂದರು. ಅಪ್ಪನ ಉಲ್ಟಾ ಅಮ್ಮ ಅಂತ ನಾನು ಅಂದಾಗ, 'ಹೌದವ್ವಾ, ನಿಮ್ಮನೇಲಿ ದಿನಾ ಉಲ್ಟಾನೇ ನಡೀತೈತೆ, ಚಾವಡಿತನಕ ಕೇಳಿಸ್ತೈತೆ' ಅಂತ ನಕ್ಕುಬಿಟ್ಟಿದ್ದರು.

ಮನೆಯಲ್ಲಿ ಇನ್ನೊಂದು ಶಾಲೆ ಇತ್ತು, ಅದಕ್ಕೆ ನಮ್ಮಜ್ಜಿಯೇ ಹೆಡ್ಮಾಸ್ಟರು. ಅಲ್ಲೂ ಎಲ್ಲ ಜೋಡಿ ಜೋಡಿಯೇ. ಒಂದು ಸೀನು ಕೆಟ್ಟದ್ದು, ಎರಡು ಸೀನು ಒಳ್ಳೇದು. ಬಲಗಾಲು ಮುಂದೆ, ಎಡಗಾಲು ಹಿಂದೆ. ಬದನೆಕಾಯಿ ಉಷ್ಣ, ಮಜ್ಜಿಗೆ ತಂಪು. ಶುಭಕಾರ್ಯಕ್ಕೆ ಹೊರಟಾಗ ಎದುರಿಗೆ ತುಂಬಿದ ಕೊಡ ಬಂದರೆ ಕೆಲಸ ಆದಂತೆ, ಖಾಲಿ ಕೊಡ ಬಂದರೆ ಕೆಟ್ಟಂತೆ. ನನಗೆ ಎರಡು ಶಾಲೆಯ ಪಾಠವೂ ಒಂದೇ ಅನ್ನಿಸುತ್ತಿತ್ತು, ಎರಡರಲ್ಲೂ ನಾನು ಜಾಣೆ.

ಅಕ್ಕೋರು ಮಾತ್ರ ದಿನಾ ನಮ್ಮ ಬೀದಿ ಬಿಟ್ಟು, ಬಣವೆಗಳ ಹಿಂದಿನ ಮುಳ್ಳುದಾರಿ ಸುತ್ತಿಕೊಂಡು ಬರುತ್ತಿದ್ದರು. ಯಾಕೆ ಅಂತ ಒಂದು ದಿನ ಕೇಳಿದೆ. 'ಬೆಳಿಗ್ಗೆ ಹೊತ್ತು ನಾಕು ಜನ ಕೆಲಸಕ್ಕೆ ಹೊಂಟಿರ್ತಾರೆ, ಯಾಕೆ ಸುಮ್ನೆ' ಅಂದರು. ನನಗೇನೂ ಅರ್ಥವಾಗಲಿಲ್ಲ.

ಆ ವರ್ಷ ನಮ್ಮಕ್ಕನಿಗೆ ನ್ಯಾಮತಿ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಅವರು ಬಂದು ಹುಡುಗಿ ನೋಡಿ ಒಪ್ಪಿದ್ದರು. ಈಗ ನಮ್ಮವರು ಹೋಗಿ ಗಂಡಿನ ಮನೆ ನೋಡಿಕೊಂಡು ಬರಬೇಕು. ಅಪ್ಪ, ದೊಡ್ಡಪ್ಪ, ಮಾವ ಮೂವರೇ ಸಾಕಾಗಿತ್ತು, ಆದರೆ ಮೂರು ಜನ ಹೋಗಬಾರದು ಅಂತ ಅಜ್ಜಿ ಇನ್ನಿಬ್ಬರನ್ನು ಸೇರಿಸಿ ಐದು ಮಾಡಿದಳು. ಎದುರಿಗೆ ಕೊಡ ತರಲಿ ಅಂತ ಪಕ್ಕದ ಮನೆಯ ಸೊಸೆಗೆ ಹಿಂದಿನ ದಿನವೇ ಹೇಳಿಟ್ಟಿದ್ದಳು.

ಬೆಳಿಗ್ಗೆ ಐವರೂ ಹೊಸಲಲ್ಲಿ ನಿಂತರೂ ಆ ಸೊಸೆಯ ಸುಳಿವಿಲ್ಲ. ಅವಳ ಕೂಸಿಗೆ ವಾಂತಿ ಶುರುವಾಗಿತ್ತಂತೆ. ಜಗಳೂರಿಗೆ ಹೋಗುವ ಬಸ್ಸು ಬೆಳಿಗ್ಗೆ ಒಂದೇ. ಅಜ್ಜಿ ಒದ್ದಾಡತೊಡಗಿದಳು. 'ಎಲ್ಲಿ ಹಾಳಾಗಿ ಹೋದ್ಲು ಆಕೆ? ಒಂದು ತುಂಬಿದ ಕೊಡ ಎದುರಿಗೆ ಬರಾಕೆ ಇಷ್ಟು ಕಷ್ಟಾನಾ?'

ತುಂಬಿದ ಕೊಡ ತಾನೇ! ನಾನು ಹಿತ್ತಲಿಂದ ಓಡಿದೆ. ಬಣವೆ ಆಚೆ ಸೇದೋ ಬಾವಿ ಇತ್ತು. ಅಕ್ಕೋರು ಬಾಲವಾಡಿಗೆ ನೀರು ಸೇದಿ, ಕೊಡ ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದರು.

'ಅಕ್ಕೋರೆ, ಬರ್ರಿ ಬೇಗ. ಅಜ್ಜಿ ಕರೀತಾಳೆ. ತುಂಬಿದ ಕೊಡ ಬೇಕಂತೆ.'

'ನನ್ನಾ?' ಅಂದರು. 'ನಿಮ್ಮಜ್ಜೀನೇ ಕರೆದ್ರಾ? ನನ್ನೇ ಕರ್ಕೊಂಡು ಬಾ ಅಂದ್ರಾ?'

ಹೂಂ ಅಂದೆ. ಸುಳ್ಳು. ಆದರೆ ಐದು ವರ್ಷದ ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಅಜ್ಜಿಗೆ ಬೇಕಾದದ್ದು ತುಂಬಿದ ಕೊಡ, ಅದು ಅಕ್ಕೋರ ಸೊಂಟದಲ್ಲಿತ್ತು. ಹೊತ್ತವರು ಯಾರು ಅಂತಲೂ ನೋಡಬೇಕು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಅಕ್ಕೋರು ಕೊಡ ಕೆಳಗಿಟ್ಟರು. ಕಾಲು ತೊಳೆದರು, ಮುಖ ತೊಳೆದರು, ಸೆರಗು ಸರಿಮಾಡಿಕೊಂಡರು. ಕೊಡದ ಬಾಯಿಗೆ ಇನ್ನೊಂದು ಚೂರು ನೀರು ಸುರಿದು ತುಳುಕುವ ಹಾಗೆ ಮಾಡಿಕೊಂಡರು. ಆ ಮುಖದ ಮೇಲಿದ್ದ ಖುಷಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ನಮ್ಮ ಬೀದಿಗೆ ಬೆಳಗಿನ ಹೊತ್ತು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆ ತಿರುವಿನಲ್ಲಿ ನಾನು ಅವರ ಸೆರಗು ಹಿಡಿದು ಹಿಂದೆ ಹಿಂದೆ ಬಂದೆ.

ಅಪ್ಪ ಬಲಗಾಲು ಹೊರಗಿಟ್ಟಿದ್ದ, ಹಾಗೇ ನಿಂತ. ಅಜ್ಜಿ ಎದೆ ಬಡಿದುಕೊಂಡಳು. 'ಅಯ್ಯೋ ಶಿವನೇ! ಇವತ್ತೇ ಬರಬೇಕಾಗಿತ್ತಾ ನೀನು? ಯಾರು ಕರೆದ್ರವ್ವಾ ನಿನ್ನ?'

ಅಕ್ಕೋರು ನನ್ನ ಕಡೆ ತಿರುಗಿ ನೋಡಿದರು. ಬೈಯುವ ನೋಟ ಅಲ್ಲ, ಏನಾಯಿತು ಅಂತ ಲೆಕ್ಕ ಹಾಕುವ ನೋಟ. ಅಜ್ಜಿಯ ಕೈಯಲ್ಲಿ ನನಗೆ ಹೊಡೆಯುವ ಹುಣಸೆ ಬರಲು ಇಲ್ಲದ ದಿನವೇ ಇಲ್ಲ ಅಂತ ಅವರಿಗೂ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ. ನಾನೇ ಅಂದುಬಿಟ್ಟಿದ್ದರೆ... ಅನ್ನಲಿಲ್ಲ.

'ಯಾರೂ ಕರೀಲಿಲ್ರೀ ಅಮ್ಮ' ಅಂದರು ಅಕ್ಕೋರು. 'ಹೊತ್ತು ನೋಡ್ಲಿಲ್ಲ. ನನ್ದೇ ತಪ್ಪು.' ಅಷ್ಟೇ. ತಿರುಗಿ ಹೋದರು.

ನಮ್ಮ ಕಡೆ ಅಪಶಕುನ ಆದರೆ ಒಳಗೆ ಬಂದು, ನೀರು ಕುಡಿದು, ಒಂದು ಗಳಿಗೆ ಕೂತು, ಮತ್ತೆ ಹೊರಡಬೇಕು. ಐವರೂ ಹಾಗೇ ಮಾಡಿದರು. ಆ ಗಳಿಗೆಯಲ್ಲೇ ಬಸ್ಸು ಹೋಯಿತು. ಮಧ್ಯಾಹ್ನದ ಬಸ್ಸು ಹಿಡಿದು ನ್ಯಾಮತಿ ಸೇರುವಾಗ ದೀಪ ಹಚ್ಚುವ ಹೊತ್ತು. ಬೆಳಿಗ್ಗೆಯಿಂದ ಹೋಳಿಗೆ ಮಾಡಿಕೊಂಡು ಕಾದಿದ್ದ ಬೀಗರಿಗೆ ಮುಖ ಕೆಟ್ಟಿತ್ತು. ಈಗಲೇ ಹಿಂಗಾದ್ರೆ ಮುಂದೆ ಹೆಂಗೆ ಅಂದರಂತೆ. ಸಂಬಂಧ ಮುರಿಯಿತು. ಕೆಡಿಸಿದ್ದು ತಪ್ಪಿದ ಬಸ್ಸು. ಆದರೆ ಬಸ್ಸನ್ನು ಯಾರು ಬೈತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಎಲ್ಲಾ ಅಕ್ಕೋರ ಮೇಲೆ ಬಂತು.

ಬಾಲವಾಡಿ ಮೊದಲು ಬಿಡಿಸಿದ್ದು ನನ್ನನ್ನೇ. ಆಮೇಲೆ ನಮ್ಮ ಬೀದಿಯ ಮಕ್ಕಳೆಲ್ಲ ಬರುವುದು ನಿಲ್ಲಿಸಿದರು. ಐದಾರು ಮಕ್ಕಳನ್ನು ಕೂರಿಸಿಕೊಂಡು ಅಕ್ಕೋರು ಸ್ವಲ್ಪ ದಿನ ನಡೆಸಿದರು. ಮಕ್ಕಳಿಲ್ಲದ ಬಾಲವಾಡಿ ಯಾಕೆ ಅಂತ ತಾಲೂಕು ಆಫೀಸಿನವರು ಮುಚ್ಚಿಸಿದರು. ಒಂದು ಟ್ರಂಕು ಹಿಡಿದುಕೊಂಡು ಅವರು ತವರೂರು ಜಗಳೂರಿನ ಬಸ್ಸು ಹತ್ತಿದ್ದನ್ನು ನಾನು ಬಣವೆ ಹಿಂದೆ ನಿಂತು ನೋಡಿದೆ. ಹತ್ತಿರ ಹೋಗಲಿಲ್ಲ.

ಅಕ್ಕನನ್ನು ಎರಡು ವರ್ಷದ ಮೇಲೆ ಚನ್ನಗಿರಿ ತಾಲೂಕಿನ ನಲ್ಲೂರಿಗೆ ಕೊಟ್ಟರು. ನಾನೂ ಮದುವೆಯಾಗಿ ಚನ್ನಗಿರಿಗೇ ಬಂದೆ. ಅಜ್ಜಿ, ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಇಷ್ಟು ವರ್ಷ ನಾನು ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಹಾಲು ಉಕ್ಕಿದ ದಿನ ತಡೆಯಲಾಗಲಿಲ್ಲ, ಅಕ್ಕನಿಗೆ ಫೋನು ಮಾಡಿ ಹೇಳಿಬಿಟ್ಟೆ. 'ಅವತ್ತು ಅಕ್ಕೋರನ್ನ ಕರ್ಕೊಂಡು ಬಂದಿದ್ದು ನಾನೇ ಕಣಕ್ಕಾ.'



'ಗೊತ್ತು ಕಣೇ' ಅಂದಳು ಅಕ್ಕ. 'ನೀನು ಸೆರಗು ಹಿಡ್ಕೊಂಡು ಬಂದಿದ್ದು ಕಿಟಕೀಲಿ ಕಾಣಿಸ್ತಿತ್ತಲ್ಲ. ಅಜ್ಜಿಗೂ ಗೊತ್ತಿತ್ತು. ಅಪ್ಪಂಗೂ ಗೊತ್ತಿತ್ತು.'

'ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?'

'ಮನೆ ಮಗಳ ಮೇಲೆ ಹೆಂಗೆ ಹಾಕಾಕೆ ಆಗ್ತೈತೆ? ಆಕೆ ತಾನೇ ಒಪ್ಕೊಂಡ್ಲು. ಬಿಟ್ಟುಬಿಟ್ರು.'

ನಲವತ್ತು ವರ್ಷದ ಮೇಲಾಯಿತು, ಇದು ನನ್ನೊಬ್ಬಳ ಗುಟ್ಟು ಅಂದುಕೊಂಡಿದ್ದೆ. ಮನೆ ಮಂದಿಯೆಲ್ಲ ಗೊತ್ತಿದ್ದೂ ಗೊತ್ತಿದ್ದೂ ಒಂದು ಹೆಣ್ಣಿನ ಅನ್ನ ಕಳೆದಿದ್ದೆವು. ಸಿಟ್ಟು ಬಂತು, ನಾಚಿಕೆಯೂ ಆಯಿತು. ಮಾರನೇ ವಾರ ಜಗಳೂರಿಗೆ ಹೋಗಿ ವಿಚಾರಿಸಿದೆ. ಅಕ್ಕೋರು ಅಲ್ಲೇ ಅಣ್ಣನ ಮನೆಯಲ್ಲಿದ್ದರಂತೆ, ಹೊಲಿಗೆ ಹೊಲಿದುಕೊಂಡು. ತೀರಿಕೊಂಡು ಮೂರು ವರ್ಷ ಆಗಿದೆ. ಅಣ್ಣನ ಸೊಸೆ ಒಳಗೆ ಕರೆದು ಚಹಾ ಕೊಟ್ಟಳು. ನೀವು ಯಾರು, ಏನಾಗಬೇಕು ಅವರಿಗೆ ಅಂತ ಕೇಳಿದಳು.

'ಅವರ ಹತ್ರ ಪಾಠ ಕಲಿತೋಳು' ಅಂದೆ.

'ಹೌದಾ? ಅವರು ಟೀಚರ್ ಆಗಿದ್ರಾ?' ಅಂದಳು ಆ ಹುಡುಗಿ. 'ನಮಗೆ ಯಾವತ್ತೂ ಹೇಳಿರ್ಲಿಲ್ಲ.'