ಮೊಂಡು ಕುದುರೆಯ ಉಸಿರು

ಅರಳಗುಪ್ಪೆ ಹತ್ತಿರದ ಒಂದು ತೋಟದ ಮನೆಯಲ್ಲಿ ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದೆ. ಯಜಮಾನ ಶಿವಣ್ಣನವರು ಶೆಡ್ಡಿನ ಕಡೆ ಕೈ ತೋರಿಸಿ, "ಡಾಕ್ಟ್ರಮ್ಮ, ಈ ತಟ್ಟುಕುದುರೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ಹೇಳಿ. ಕೊಟ್ಬುಡ್ತೀನಿ," ಎಂದರು.

ಕಾಲೇಜಿಗೆ ಹೋಗುವ ಮಗಳು ಸೌಮ್ಯ ಹತ್ತಿದರೆ ಅದು ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿತ್ತಂತೆ. ಓಡಿಸಲು ಹೋದರೆ ಹಿಂಗಾಲು ಎತ್ತಿ ಕೊಡವುತ್ತಿತ್ತಂತೆ. ಹಿಂದಿನ ವಾರ ಅವಳು ಬಿದ್ದು ಮೊಣಕೈ ಊದಿಸಿಕೊಂಡಿದ್ದಳು.

"ಬರೀ ಮೊಂಡು ಕಣ್ರೀ ಅದು," ಎಂದರು ಶಿವಣ್ಣ. ಸೌಮ್ಯ ಕುದುರೆಯ ಕುತ್ತಿಗೆ ತಬ್ಬಿಕೊಂಡು ನಿಂತಿದ್ದಳು.

ಅದನ್ನು ಕಟ್ಟಿದ್ದು ತೆಂಗಿನ ಸಿಪ್ಪೆ ರಾಶಿ ಹಾಕಿದ್ದ ಶೆಡ್ಡಿನಲ್ಲಿ. ಸುಮ್ಮನೆ ನಿಂತಿದ್ದರೂ ಮೂಗಿನ ಹೊಳ್ಳೆ ಅರಳಿ, ಹೊಟ್ಟೆ ತಿದಿಯಂತೆ ಏರಿಳಿಯುತ್ತಿತ್ತು. ಸ್ಟೆತಸ್ಕೋಪ್ ಇಟ್ಟರೆ ಎದೆಯೊಳಗೆ ಸಿಳ್ಳೆ.

"ಮೊಂಡಲ್ಲ, ಉಸಿರು ಸಾಲ್ತಿಲ್ಲ. ಧೂಳಿಗೆ ಬರೋ ಉಬ್ಬಸ ಇದು. ಪೂರ್ತಿ ವಾಸಿಯಾಗಲ್ಲ, ಆದ್ರೆ ನಿಭಾಯಿಸಬಹುದು. ಔಷಧಿ ಕೊಡ್ತೀನಿ. ತೋಟದಲ್ಲಿ ಕಟ್ಟಿ, ಹುಲ್ಲು ನೆನೆಸಿ ಹಾಕಿ. ಉಸಿರಾಟ ಸರಿಯಾಗೋವರೆಗೂ ಸವಾರಿ ಬೇಡ, ಮಾರೋದೂ ಬೇಡ," ಎಂದೆ. ಶಿವಣ್ಣ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು.

ಔಷಧಿ ಬದಲಿಸಲು ಒಂದೆರಡು ಸಲ ಹೋಗಿಬಂದೆ. ಕೊನೆಗೆ ಒಂದು ಬೆಳಿಗ್ಗೆ ಹೋದಾಗ ಸೌಮ್ಯ ಅದರ ಮೇಲೆ ಕೂತು ತೆಂಗಿನ ಸಾಲುಗಳ ನಡುವೆ ಬರುತ್ತಿದ್ದಳು. ಕುದುರೆ ಕಿವಿ ಮುಂದೆ ಮಾಡಿಕೊಂಡು ತಾನಾಗಿಯೇ ಹೆಜ್ಜೆ ಹಾಕುತ್ತಿತ್ತು. ಅಲ್ಲಿಯವರೆಗೂ ನನಗೂ ಪೂರ್ತಿ ಧೈರ್ಯವಿರಲಿಲ್ಲ. ಎದೆ ಹಗುರಾಯಿತು.

"ಕೊಡೋ ಮಾತು ಬುಟ್ಟೆ ಬುಡಿ," ಎಂದ ಶಿವಣ್ಣ ಬೀಡಿ ಹಚ್ಚಿ ಕೆಮ್ಮತೊಡಗಿದರು.

ಸೌಮ್ಯ ಕುದುರೆಯ ಮೇಲಿನಿಂದಲೇ ಕೇಳಿದಳು: "ಡಾಕ್ಟ್ರೇ, ಅಪ್ಪನ್ನೂ ತ್ವಾಟದಲ್ಲೇ ಕಟ್ಬೋದಾ?"

ಅಂಥ ಕೇಸು ನಾನು ನೋಡುವುದಿಲ್ಲ ಎಂದು ಸ್ಕೂಟರ್ ಹತ್ತಿದೆ.