ಕಡ್ಡಿಪೆಟ್ಟಿಗಿ ವಾಸನಿಯ ಪೆನ್ನು

ನಮ್ಮ ಮನಿಯವರ ಹೆಸರು ಈರಬಸಪ್ಪ. ಹೆಂಡತಿ ಬಾಯಿಲೆ ಹೇಳಬಾರದಂತಾರ, ಬರದ್ರ ತಪ್ಪಿಲ್ಲ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡ್ಯಾಗ ಮೂವತ್ತು ವರ್ಷ ಗುಮಾಸ್ತಿಕಿ ಮಾಡಿದ್ರು. ಈಗ ಕಾತ್ರಜ ಬಡಾವಣಿಯ ಎರಡು ಖೋಲಿ ಮನ್ಯಾಗ ಕುಂತು ಹಳೇ ಟೇಬಲ್ ಪೆನ್ ಸೆಟ್ ಬಿಚ್ಚಿ ರಿಪೇರಿ ಮಾಡ್ತಾರ. ಕಲ್ಲಿನ ಪೀಠ, ಅದರ ಮ್ಯಾಲೆ ಪೆನ್ನು ನಿಲ್ಲಸೋ ಕೊಳವಿ, ಅದರಾಗ ಉದ್ದ ಬಾಲದ ಪೆನ್ನು. ಮೊದಲು ಸಾಹೇಬರ ಮುಂದ ಇರ್ತಿದ್ವು, ಈಗ ಹಳೇ ಸಾಮಾನು ಮಾರೋ ಜುನಾ ಬಾಜಾರದಾಗ ಬಿದ್ದಿರ್ತಾವ. ನಿಬ್ಬು ಒಂದು ಕಡೆ, ಅದರ ಕೆಳಗಿನ ನಾಲಿಗಿ ಒಂದು ಕಡೆ, ಶಾಯಿ ತುಂಬೋ ಒಣಗಿದ ರಬ್ಬರ್ ಚೀಲ ಒಂದು ಕಡೆ. ನನ್ನ ಸಾರಿನ ಬಟ್ಟಲಾ ಅವಕ್ಕೇ ಹೋತು.

ಆದ್ರ ಇವರಿಗೆ ಆ ಕೆಲಸ ಚೊಲೋ ಬರ್ತಿತ್ತು, ಇಲ್ಲ ಅನ್ನಂಗಿಲ್ಲ. ಪೆನ್ನನ್ನ ಹೆಬ್ಬಟ್ಟಿಲೆ ಬಿಸಿ ಆಗೂತನಕ ತಿಕ್ಕಿ ಮೂಸ್ತಿದ್ರು. ಕರ್ಪೂರದ ವಾಸನಿ ಬಂದ್ರ ಸೆಲ್ಯುಲಾಯ್ಡ್, ಒಣಗಿದ ಶಾಯಿ ಬಿಡಸಾಕ ಉಗುರುಬೆಚ್ಚನ ನೀರಾಗ ಇಡಬಹುದು. ಕಡ್ಡಿಪೆಟ್ಟಿಗಿ ಗೀರಿದಂಥ ವಾಸನಿ ಬಂದ್ರ ಗಟ್ಟಿ ರಬ್ಬರು. ಅದಕ್ಕ ಬೆಚ್ಚನ ನೀರು ತಾಗಿದ್ರ ಕರೀ ಬಣ್ಣ ಹೋಗಿ ಸಗಣಿ ಬಣ್ಣ ಬರ್ತದ.

ಯುಗಾದಿ ಮುಂದ ಜ್ವರ ಬಂದು ಇವರ ಮೂಗು ಸತ್ತಿತು. ಯಾರಿಗೂ ಹೇಳಲಿಲ್ಲ. ಒಲಿ ಮ್ಯಾಲೆ ಹಾಲು ಸೀದು ನಾತ ಓಣಿಗೆಲ್ಲಾ ಹಬ್ಬಿದ್ರೂ ಪುಣ್ಯಾತ್ಮರು ಬಾಜೂಕ ಪೇಪರ್ ಓದಕೋತ ಕುಂತಿದ್ರು. ಅವತ್ತ ನನಗ ತಿಳೀತು. ಪೆನ್ನು ಮಾತ್ರ ತೋರಿಕಿಗೆ ಮೂಸೂದು ಬಿಡಲಿಲ್ಲ, ಬಣ್ಣ ನೋಡಿ ಅಂದಾಜಿಲೆ ಹೇಳ್ತಿದ್ರು. ನಾನೂ ಕೇಳಲಿಲ್ಲ. ಮೂಗಿಲ್ಲ ಅಂದ್ರ ಈ ಮನಶ್ಯಾನ ಕಡೆ ಉಳಿಯೂದೇನು?

ಖಂಡೇನವಮಿಗೆ ಎಂಟು ದಿನ ಇದ್ದಾಗ ಶಿವಕಾಂತಾ ಬಂದ್ಲು. ನಮ್ಮ ವಿಜಯಪುರ ಕಡೆಯಾಕಿ, ಇಲ್ಲಿ ಬ್ಯಾಂಕಿನಾಗ ಇದ್ದಾಳ. ತೀರಿಕೊಂಡ ಅಪ್ಪ ಶಿವಪುತ್ರಪ್ಪನ ಸೆಟ್ಟು ತಂದಿದ್ಲು, ಎರಡು ಕರೀ ಪೆನ್ನಿಂದು.

"ಕಾಕಾ, ನಮ್ಮಪ್ಪನ ಕೈ ಹತ್ತಿದ್ದಂದ್ರ ಇವೆರಡೇ ಉಳದಾವ್ರಿ. ಆಯುಧಪೂಜಾಕ್ಕ ಇಡಬೇಕು," ಅಂದ್ಲು.

ಇವರು ತಿಕ್ಕಿದ್ರು, ಮೂಸಿದ್ರು, ಕಣ್ಣು ಮುಚ್ಚಿ "ಎರಡೂ ಸೆಲ್ಯುಲಾಯ್ಡ್" ಅಂದ್ರು. ಚಹಾ ಹಿಡಕೊಂಡು ನಿಂತಿದ್ದ ನನಗ ಒಂದರಿಂದ ಕಡ್ಡಿಪೆಟ್ಟಿಗಿ ವಾಸನಿ ಹೊಡೀತು. ಹೊರಗಿನವರ ಮುಂದ ಗಂಡನ ಮಾತು ತಗದುಹಾಕೂದು ನಮ್ಮ ಮನಿತನದಾಗ ಇಲ್ಲ. ಆಕಿ ಹೋದ ಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ. ಸೆಟ್ಟು ಬಿಟ್ಟು ಹೊಂಟಾಕಿಗೆ ಕುಂಕುಮ ಹಚ್ಚಿ, ಬಸ್ ಸ್ಟಾಪ್ ತನಕ ಕಳಿಸಾಕ ಹೋದೆ. ಬಸ್ಸು ಲಗೂ ಬರಲಿಲ್ಲ. ಊರ ಕಡೆ ಮಾತು ಹತ್ತಿ ಅರ್ಧ ತಾಸಾತು.

ತಿರುಗಿ ಬಂದಾಗ ಎರಡೂ ಪೆನ್ನು ಬಟ್ಟಲದ ನೀರಾಗಿದ್ವು. ಒಂದು ಸಗಣಿ ಬಣ್ಣಕ್ಕ ತಿರುಗಿತ್ತು.

"ಅದು ರಬ್ಬರಿಂದಿತ್ರಿ," ಅಂದೆ.

ಇವರು ಅದನ್ನ ಒರಸಿ ಮತ್ತ ಮೂಸಿದ್ರು. "ಆರು ತಿಂಗಳಾತು, ರುದ್ರವ್ವಾ. ಏನೂ ವಾಸನಿ ಬರವಲ್ದು," ಅಂದ್ರು.

ಮೂರು ದಿನಕ್ಕ ಶಿವಕಾಂತಾ ಬಂದಾಗ ಇವರೇ ಹೇಳಿದ್ರು. "ನನ್ನ ಮೂಗು ಹೋಗ್ಯದವ್ವಾ. ಮುಚ್ಚಿಟ್ಟೆ. ತಪ್ಪು ನಂದು."

ಆಕಿ ಪೆನ್ನು ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ. "ಅವತ್ತೇ ನನಗ ವಾಸನಿ ಬಂದಿತ್ತವ್ವಾ. ನಿನ್ನ ಮುಂದ ಇವರ ಮರ್ಯಾದಿ ಹೋಗಬಾರದಂತ ಬಾಯಿ ಬಿಡಲಿಲ್ಲ," ಅಂದೆ.

"ಬಸ್ ಸ್ಟಾಪಿನಾಗ ಅರ್ಧ ತಾಸು ನನ್ನ ಜೋಡಿ ನೀವೊಬ್ರೇ ನಿಂತಿದ್ರಿ, ಕಾಕು," ಅಂದ್ಲು ಶಿವಕಾಂತಾ.

ಆಕಿ ಸೆಟ್ಟು ಚೀಲದಾಗ ಹಾಕ್ಕೊಂಡ್ಲು. ಇವರ ಕಾಲಿಗೆ ನಮಸ್ಕಾರ ಮಾಡಿ, ನನ್ನ ದಾಟಿ ಹೋದ್ಲು.