ಓಟದಲ್ಲಿ ಫೇಲು

1971ರಲ್ಲಿ ನನ್ನ ಓದು ನಿಂತಿತು. ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದೆ, ಗಣಿತ ಕೈಕೊಟ್ಟಿತು. ಸೋದರಮಾವನ ಹಿಂದೆ ಬೆಂಗಳೂರಿಗೆ ಹೋಗಿ ಕುಶನ್ ಕೆಲಸ ಕಲಿತೆ. ಸೋಫಾ, ಕುರ್ಚಿ, ಕಾರಿನ ಸೀಟು, ಯಾವುದು ಕೊಟ್ಟರೂ ಬಿಚ್ಚಿ ಹೊಸದು ಮಾಡಿ ಕೊಡುತ್ತಿದ್ದೆ. ಕೆಲಸದಲ್ಲಿ ಯಾರಿಗೂ ತಲೆ ಬಾಗಿಸಿದವನಲ್ಲ. ಆದರೆ ಎಷ್ಟು ಓದಿದ್ದೀರಿ ಎಂದು ಯಾರಾದರೂ ಕೇಳಿದರೆ ಮಾತ್ರ, "ಮನೆ ಕಡೆ ತಾಪತ್ರಯ, ಬಿಡಬೇಕಾಯ್ತು" ಎಂದು ಮಾತು ಮುಗಿಸುತ್ತಿದ್ದೆ. ಫೇಲಾದೆ ಎಂಬ ಮಾತು ನನ್ನ ಬಾಯಿಂದ ಬಂದದ್ದಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮೊದಲ ಸಲ ಹೇಳಿದ್ದು ಒಬ್ಬ ಅಮೆರಿಕದ ಹುಡುಗನಿಗೆ. ಅದೂ ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡು.

1984ರಲ್ಲಿ ಗುಜರಾತಿ ಸೇಠ್ ಒಬ್ಬರು ತಮ್ಮ ಫರ್ನಿಚರ್ ಅಂಗಡಿಗೆಂದು ನನ್ನನ್ನು ನೈರೋಬಿಗೆ ಕರೆಸಿಕೊಂಡಿದ್ದರು. ಹೆಂಡತಿ ಸರೋಜಾಳೂ ಇಬ್ಬರು ಹೆಣ್ಣುಮಕ್ಕಳೂ ಆಮೇಲೆ ಬಂದರು. ಈಗ ಹೇಳುವುದು 1988ರ ಜುಲೈ ಮಾತು. ಜುಲೈ ಎಂದರೆ ಇಲ್ಲಿ ಚಳಿಗಾಲ, ಬೆಳಿಗ್ಗೆ ಸ್ವೆಟರ್ ಇಲ್ಲದೆ ಆಗುವುದಿಲ್ಲ. ನೈರೋಬಿಯ ಸಿರಿವಂತರ ಬಡಾವಣೆ ಮುಥೈಗಾದಲ್ಲಿ ಒಬ್ಬ ಅಮೆರಿಕದ ಅಧಿಕಾರಿಯ ಮನೆಯಲ್ಲಿ ಹಳೆಯ ದೊಡ್ಡ ಸೋಫಾ ಸೆಟ್ ಇತ್ತು. ಅದನ್ನು ಅಂಗಡಿಗೆ ಸಾಗಿಸುವುದು ಬೇಡ, ಮನೆಯಲ್ಲೇ ಕೂತು ಮಾಡಿಕೊಡಲಿ ಎಂದು ಆ ಮನೆಯ ಯಜಮಾನಿ ಹೇಳಿದ್ದರಂತೆ. ಸೇಠ್ ನನ್ನನ್ನು ಕಳಿಸಿದರು. ದಿನಾ ಬೆಳಿಗ್ಗೆ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಮುಥೈಗಾದ ದಾರಿಯಲ್ಲಿ ಇಳಿದು, ಆ ದೊಡ್ಡ ಗೇಟುಗಳ ನಡುವೆ ನಡೆದು ಹೋಗುತ್ತಿದ್ದೆ.

ಹಿಂದಿನ ಜಗಲಿಯಲ್ಲಿ ನನ್ನ ಕೆಲಸ. ಅದೇ ಜಗಲಿಯ ಇನ್ನೊಂದು ಕೊನೆಯಲ್ಲಿ ಮನೆಯ ಮಗ, ಟೆಡ್ ಎಂಬ ಹುಡುಗ, ಕಾಲು ಚಾಚಿ ಕೂತಿರುತ್ತಿದ್ದ. ಇಪ್ಪತ್ತು ವರ್ಷ ಇರಬಹುದು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಬಲ ಮೊಣಕಾಲಿಗೆ ಕಬ್ಬಿಣದ ಪಟ್ಟಿ ಇದ್ದ ಏನೋ ಕಟ್ಟಿಕೊಂಡಿದ್ದ. ಅಮೆರಿಕದಲ್ಲಿ ಕಾಲೇಜು ಓದುತ್ತಾನೆ, ಆಪರೇಷನ್ ಆಗಿದೆ, ರಜಕ್ಕೆ ಬಂದಿದ್ದಾನೆ ಎಂದು ಅಡುಗೆಯ ಮುತೀಸೊ ಹೇಳಿದ.

ಎರಡನೆಯ ದಿನವೋ ಮೂರನೆಯ ದಿನವೋ, ಹುಡುಗನ ತಂದೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ನನ್ನ ಇಂಗ್ಲಿಷು ಕೆಲಸಕ್ಕೆ ಬೇಕಾದಷ್ಟೇ. ಆದರೂ ಇಷ್ಟು ಅರ್ಥವಾಯಿತು: ಆರೋಗ್ಯ ಸುಧಾರಿಸುತ್ತಿದೆ, ರನ್ನಿಂಗ್ ಮೊದಲಿಂದಲೂ ಫಸ್ಟ್ ಕ್ಲಾಸ್, ಪಾಸಿಂಗ್ ಒಂದೇ ವೀಕು, ಅದೇ ದೊಡ್ಡ ಚಿಂತೆ.

ಪಾಸಿಂಗ್ ವೀಕು! ನಾನು ಹುಡುಗನ ಕಡೆ ನೋಡಿದೆ. ತೊಡೆಯ ಮೇಲೆ ದಪ್ಪ ಪುಸ್ತಕ. ಪುಟದ ತುಂಬ ಸೊನ್ನೆ, ಗುಣಾಕಾರದ ಗುರುತು, ಬಾಣ, ಓರೆಗೆರೆ. ಅಯ್ಯೋ ಪಾಪ, ಇವನಿಗೂ ಗಣಿತವೇ ಶನಿಯಾಗಿ ಕಾಡುತ್ತಿದೆ, ಇವನೂ ನಮ್ಮ ಕುಲದವನೇ ಅಂದುಕೊಂಡೆ. ಅಷ್ಟು ದೊಡ್ಡ ಮನೆಯ ಮಗ ಹಾಗೆ ಮುಖ ಬಾಡಿಸಿಕೊಂಡು ಕೂತದ್ದು ನೋಡಿ ಕರುಳು ಚುರ್ ಎಂದಿತು.

ಮಧ್ಯಾಹ್ನ ಮುತೀಸೊ ಚಹಾ ತಂದಾಗ ಲೋಟ ಹಿಡಿದುಕೊಂಡು ಹುಡುಗನ ಹತ್ತಿರ ಹೋದೆ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: "ಟೆಡ್, ನಾಚಿಕೆ ಪಡಬೇಡ. ನಾನೂ ಗಣಿತದಲ್ಲಿ ಫೇಲು. ಆಗಿನಿಂದ ಓದು ಬಿಟ್ಟೆ. ನೀನು ಬಿಡಬೇಡ. ಪಾಸಾಗೋವರೆಗೂ ಕೂತ್ಕೊ."

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಮಿಸ್ಟರ್ ಮಂಜು, ನಂಗೆ ಗಣಿತ ಚೆನ್ನಾಗೇ ಬರತ್ತೆ," ಎಂದ.

"ಮತ್ತೆ ಪಾಸಿಂಗ್ ವೀಕು ಅಂತ ನಿಮ್ಮಪ್ಪ ಹೇಳ್ತಿದ್ರಲ್ಲ?"

ಅವನು ಕುರ್ಚಿಯ ಕೆಳಗಿನಿಂದ ಒಂದು ಚೆಂಡು ತೆಗೆದ. ಅದು ಚೆಂಡಲ್ಲ, ಸುಲಿಯದ ತೆಂಗಿನಕಾಯಿಯ ಆಕಾರ, ಎರಡೂ ಕಡೆ ಚೂಪು, ಮೇಲೆ ದಾರ ಹೊಲಿದಿತ್ತು. "ಇದು ಫುಟ್‌ಬಾಲ್. ಇದನ್ನ ಕೈಯಲ್ಲಿ ಎಸೆಯೋದಕ್ಕೆ ಪಾಸ್ ಅಂತಾರೆ," ಎಂದ. ಪುಸ್ತಕದಲ್ಲಿದ್ದ ಸೊನ್ನೆಗಳೆಲ್ಲ ಅವನ ತಂಡದ ಆಟಗಾರರಂತೆ, ಗುಣಾಕಾರಗಳೆಲ್ಲ ಎದುರಾಳಿಗಳಂತೆ.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಹದಿನೇಳು ವರ್ಷ ಮುಚ್ಚಿಟ್ಟುಕೊಂಡ ಮಾತನ್ನು ಕೊನೆಗೆ ಒಂದು ಚೆಂಡಿಗೋಸ್ಕರ ಹೇಳಿಬಿಟ್ಟೆನಲ್ಲ! ತಿರುಗಿ ಹೊರಟೆ. ಆದರೆ ಹುಡುಗ ನಗಲಿಲ್ಲ. "ಕೂತ್ಕೊಳ್ಳಿ," ಎಂದ. "ಒಂಥರಾ ನೀವು ಹೇಳಿದ್ದು ಸರೀನೇ. ನಾನೂ ಫೇಲಾಗೋ ಹಾಗಿದೀನಿ."

ಅವತ್ತು ಅವನು ಬಿಡಿಸಿ ಹೇಳಿದ. ಅವರ ಆಟದಲ್ಲಿ ಒಬ್ಬನು ಮೊದಲು ಚೆಂಡು ಕೈಗೆ ತೆಗೆದುಕೊಳ್ಳುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಎದುರಿನವರು ಅವನ ಮೇಲೆ ಬೀಳುವುದರೊಳಗೆ ಅವನು ಚೆಂಡನ್ನು ದೂರದ ಗೆಳೆಯನಿಗೆ ಎಸೆಯಬೇಕು, ಇಲ್ಲವೇ ತಾನೇ ಹೊತ್ತುಕೊಂಡು ಓಡಬೇಕು. ಕ್ವಾರ್ಟರ್‌ಬ್ಯಾಕ್ ಎಂದು ಆ ಜಾಗದ ಹೆಸರು. ನಮ್ಮಲ್ಲಿ ಕ್ವಾರ್ಟರ್ ಎಂದರೆ ಕಾಲು. ಅವನಿಗೂ ಎಲ್ಲವೂ ಕಾಲೇ ಆಗಿತ್ತು.

"ನಾನು ಯಾವಾಗ್ಲೂ ಓಡೋನು. ಎಸೆಯೋಕೆ ಧೈರ್ಯ ಬರ್ತಿರಲಿಲ್ಲ. ಕಷ್ಟ ಕಂಡ ತಕ್ಷಣ ಓಟ," ಎಂದ.

"ನಾನೂ ಹಾಗೇ ಕಣಪ್ಪ. ತುಮಕೂರಿಂದ ಓಡಿದೋನು ನೈರೋಬಿಗೆ ಬಂದು ನಿಂತೆ," ಎಂದೆ. ಆಗ ಮಾತ್ರ ಇಬ್ಬರೂ ನಕ್ಕೆವು.

ಹಾಗೆ ಓಡುವಾಗಲೇ ಯಾರೋ ಬದಿಯಿಂದ ಬಂದು ಮೊಣಕಾಲಿಗೆ ಗುದ್ದಿದ್ದರು. ಒಳಗಿನ ನರ ಹರಿದು ಆಪರೇಷನ್ ಆಗಿತ್ತು. ಇನ್ನೊಮ್ಮೆ ಹರಿದರೆ ಜೀವಮಾನವೆಲ್ಲ ಕುಂಟುತ್ತಲೇ ಇರಬೇಕೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಆಗಸ್ಟಿನಲ್ಲಿ ಅಭ್ಯಾಸ ಶುರು. ಅಷ್ಟರಲ್ಲಿ ಇವನು ಹೋಗಿ ಓಡಿ ತೋರಿಸದಿದ್ದರೆ ಇವನ ಜಾಗ ಇನ್ನೊಬ್ಬನಿಗೆ.

ಮರುದಿನದಿಂದ ಚಹಾದ ಹೊತ್ತಿಗೆ ನನ್ನನ್ನು ಹುಲ್ಲಿನ ಮೇಲೆ ನಿಲ್ಲಿಸಿ ಚೆಂಡು ಎಸೆಯತೊಡಗಿದ. ಮೊದಲನೆಯದೇ ನನ್ನ ಎದೆಗೆ ಬಡಿದು ಉಸಿರು ನಿಂತುಹೋಯಿತು. "ಪೋಲೆ, ಫುಂಡಿ, ಪೋಲೆ!" ಎಂದು ಮುತೀಸೊ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಾ ಸಂತಾಪ ಹೇಳಿದ. ಕೈಕೆಲಸದವರನ್ನು ಇಲ್ಲಿ ಫುಂಡಿ ಎನ್ನುತ್ತಾರೆ. ಕೆಲಸದವರ ಮುಂದೆ ಮರ್ಯಾದೆ ಬಿಡುವುದುಂಟೇ? ಸೋಫಾದ ಫೋಮಿನ ಒಂದು ತುಂಡನ್ನು ಎದೆಗೆ ಕಟ್ಟಿಕೊಂಡು, "ಇನ್ನೊಂದು ಎಸಿ," ಎಂದೆ.

ಮೊದಮೊದಲು ಚೆಂಡು ಗಾಳಿಯಲ್ಲಿ ಕುಡುಕನ ಹಾಗೆ ತೂರಾಡಿಕೊಂಡು ಬರುತ್ತಿತ್ತು. ಓಡುವ ದಾರಿ ಇಲ್ಲದ್ದರಿಂದ ಅವನು ನಿಂತಲ್ಲೇ ನಿಂತು ನೋಡಬೇಕಾಗಿತ್ತು. ನಾನು ಎಲ್ಲಿದ್ದೇನೆ, ಯಾವ ಕಡೆ ಸರಿಯುತ್ತೇನೆ ಎಂದು ನೋಡಿ, ಆಮೇಲೆ ಎಸೆಯಬೇಕು. ಬರಬರುತ್ತಾ ಚೆಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಬಂದು ಕೈಯಲ್ಲಿ ಕೂರತೊಡಗಿತು. ನಾನು ಬೇಕೆಂದೇ ಹೂಗಿಡಗಳ ಹಿಂದೆ ಹೋಗಿ ಕೈ ಎತ್ತುತ್ತಿದ್ದೆ. ಅಲ್ಲಿಗೂ ಬರುತ್ತಿತ್ತು.

ಒಂದು ದಿನ ನಾನು ಸ್ಪ್ರಿಂಗಿಗೆ ದಾರ ಕಟ್ಟುತ್ತಿದ್ದಾಗ ಅವನು ಪಟ್ಟಿ ಬಿಚ್ಚಿಟ್ಟು ಹುಲ್ಲಿಗೆ ಇಳಿದ. ಬೇಲಿಯವರೆಗೆ ಓಡಿದ. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಓಟವನ್ನು ನಾನು ನೋಡಿಲ್ಲ, ಅಷ್ಟು ದೊಡ್ಡ ಆಳು ಜಿಂಕೆಯಂತೆ ಹೋದ. ಬೇಲಿಯ ಹತ್ತಿರ ತಿರುಗಿದ. ಮೊಣಕಾಲು ಒಳಗೆ ಮಡಚಿಕೊಂಡಿತು. ಸದ್ದಿಲ್ಲದೆ ಬಿದ್ದ.

ನಾನೂ ಮುತೀಸೊನೂ ಎತ್ತಿ ತಂದು ಕೂರಿಸಿದೆವು. ಮುಖ ಬಿಳುಚಿಕೊಂಡಿತ್ತು. "ಹರಿದಿಲ್ಲ, ಜಾರಿತು ಅಷ್ಟೇ," ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅಪ್ಪನಿಗೆ ಹೇಳಬೇಡಿ. ಗೊತ್ತಾದರೆ ಹೋಗೋಕೆ ಬಿಡಲ್ಲ," ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಐಸ್ ತರಲು ಮುತೀಸೊ ಓಡಿದ.

ಆ ಶನಿವಾರ ತಂದೆ ಮನೆಯಲ್ಲೇ ಇದ್ದರು. ನನ್ನ ಕೆಲಸ ನೋಡಲು ಜಗಲಿಗೆ ಬಂದರು. ಕುಶನ್ ಕೆಲಸದವರು ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತೇವೆ. ನನ್ನ ಬಾಯಿ ತುಂಬ ಮೊಳೆ. ಟೆಡ್ ಅಲ್ಲೇ ಪುಸ್ತಕ ಹಿಡಿದು ಕೂತಿದ್ದ. ತಂದೆ ಖುಷಿಯಲ್ಲೇ ಇದ್ದರು. "ಮಂಜು, ದಿನವೆಲ್ಲ ಇಲ್ಲೇ ಇರ್ತೀರಿ. ಹೇಗಿದ್ದಾನೆ ನಮ್ಮ ಹುಡುಗ? ಮುಂದಿನ ವಾರ ಹೊರಡ್ತಾನೆ," ಎಂದರು.

ಬಾಯಲ್ಲಿ ಮೊಳೆ ಇದೆ ಎಂದು ಸನ್ನೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಹುಡುಗ ನನ್ನನ್ನೇ ನೋಡುತ್ತಿದ್ದ. ಅಂಗೈಗೆ ಮೊಳೆ ಉಗುಳಿದೆ. ನನಗೆ ಬರುವ ಇಂಗ್ಲಿಷು ಪರೀಕ್ಷೆಯ ಇಂಗ್ಲಿಷು. ಅದರಲ್ಲೇ ಹೇಳಿದೆ: "ಪಾಸಿಂಗ್ ಪಾಸ್, ಸರ್. ರನ್ನಿಂಗ್ ಫೇಲ್."

ಅವರು ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಅವರ ನಗು ಅರ್ಧಕ್ಕೆ ನಿಂತಿತು. ಮಗನ ಕಡೆ ತಿರುಗಿ, "ಟೆಡ್, ಬೇಲಿವರೆಗೆ ಓಡಿ ಬಾ," ಎಂದರು.

ಅವನು ಏಳಲಿಲ್ಲ. ಪುಸ್ತಕ ಮುಚ್ಚಿದ. ತಂದೆ ಹೋಗಿ ಅವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಸುತ್ತಿಗೆ ಅಲ್ಲೇ ಬಿಟ್ಟು ಅಡುಗೆಮನೆಯ ಕಡೆ ಹೋದೆ.

ಅಲ್ಲಿಂದ ಮುಂದೆ ಹುಡುಗ ನನ್ನ ಜೊತೆ ಮಾತು ಬಿಟ್ಟ. ಜಗಲಿಗೇ ಬರಲಿಲ್ಲ. ಮನೆಗೆ ಬಂದು ಸರೋಜಾಳಿಗೆ ಎಲ್ಲ ಹೇಳಿದೆ.

"ನಿಮಗ್ಯಾಕ್ರೀ ಬೇಕಿತ್ತು?" ಎಂದಳು. "ಸೋಫಾ ಹೊಲಿಯೋಕೆ ಹೋದೋರು ಸೋಫಾ ಹೊಲಿದು ಬರೋದು ತಾನೇ? ಸೇಠ್‌ಗೆ ದೂರು ಹೋದ್ರೆ?"

"ಹೋದ್ರೆ ಹೋಗಲಿ. ಕೇಳಿದ್ರು, ಹೇಳಿದೆ. ಆ ಹುಡುಗನ ಕಾಲು ಹೋದಮೇಲೆ ನಾನೇನು ಹೊಸ ಕಾಲು ಹೊಲಿದು ಕೊಡೋಕಾಗತ್ತಾ?" ಎಂದೆ. ಆಮೇಲೆ, ಇಷ್ಟು ಹೇಳಿದ ಮೇಲೆ ಅದೂ ಇರಲಿ ಎಂದು, "ಸರೋಜಾ, ನಾನು ತಾಪತ್ರಯಕ್ಕೆ ಓದು ಬಿಟ್ಟಿದ್ದಲ್ಲ. ಫೇಲಾಗಿದ್ದೆ," ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಗೊತ್ತು ಕಣ್ರೀ. ಹೆಣ್ಣು ನೋಡೋಕೆ ಬಂದ ದಿನಾನೇ ನಿಮ್ಮ ಚಿಕ್ಕಮ್ಮ ನಮ್ಮಮ್ಮನ ಕಿವೀಲಿ ಹೇಳಿದ್ರು."

ದೊಡ್ಡ ಮಗಳು ಒಳಗಿನಿಂದ ಕಿಸಕ್ಕನೆ ನಕ್ಕಳು. ಅವಳಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಕೆಲಸ ಮುಗಿದ ದಿನ ಸೋಫಾವನ್ನು ಒಳಗೆ ಹಾಕಿಸಿ ಸಾಮಾನು ಕಟ್ಟಿಕೊಳ್ಳುತ್ತಿದ್ದೆ. ಟೆಡ್ ಬಂದ. ಪಟ್ಟಿ ಕಟ್ಟಿಕೊಂಡಿದ್ದ. ಸೋಫಾದ ಮೇಲೆ ಕೂತು, ಸರಿದು ಇನ್ನೊಂದು ಮೂಲೆಯಲ್ಲಿ ಕೂತು ನೋಡಿದ.

"ಚೆನ್ನಾಗಿದೆ," ಎಂದ. ಆಮೇಲೆ, "ನನ್ನನ್ನ ಫೇಲ್ ಮಾಡಿಸಿಬಿಟ್ರಿ, ಮಿಸ್ಟರ್ ಮಂಜು," ಎಂದ.

"ಹೌದು," ಎಂದೆ. ಕ್ಷಮಿಸು ಎಂದು ಹೇಳಲು ಮನಸ್ಸು ಬರಲಿಲ್ಲ, ಏಕೆಂದರೆ ಮತ್ತೆ ಕೇಳಿದರೂ ಅದನ್ನೇ ಹೇಳುತ್ತಿದ್ದೆ. "ನಮ್ಮಲ್ಲಿ ಫೇಲಾದ್ರೆ ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಬಹುದು. ನಾನು ಕಟ್ಟಲಿಲ್ಲ. ರೋಷ. ನಿಮ್ಮಲ್ಲಿ ಆ ಥರ ಇಲ್ವಾ?"

ಇದೆಯಂತೆ. ಏಟು ಬಿದ್ದವನು ಒಂದು ವರ್ಷ ಆಡದೆ ಕೂತರೆ ಕಾಲೇಜಿಗೆ ಆಡಬಹುದಾದ ವರ್ಷಗಳ ಲೆಕ್ಕದಿಂದ ಆ ವರ್ಷವನ್ನು ಬಿಡಿಸಿಕೊಳ್ಳಲು ದಾರಿ ಇದೆಯಂತೆ. ತಂದೆ ಅದಕ್ಕೇ ಬರೆದು ಹಾಕಿದ್ದಾರೆ ಎಂದ. "ಆದರೆ ನನ್ನ ಜಾಗ ಹೋಗತ್ತೆ. ಬೆಂಚಿನ ಮೇಲೆ ಕೂತು ಇನ್ನೊಬ್ಬ ಆಡೋದು ನೋಡಬೇಕು," ಎಂದು ಗೋಡೆಯ ಕಡೆ ಮುಖ ಮಾಡಿದ. ನಾನು ಹೋಗಿ ಅವನ ಪಕ್ಕ ಕೂತೆ. ಗಿರಾಕಿಗಳ ಮನೆಯ ಸೋಫಾದ ಮೇಲೆ ನಾನು ಕೂತದ್ದು ಅದೊಂದೇ ಸಲ.

ಎರಡು ವರ್ಷದ ಮೇಲೆ ಅವನ ತಂದೆ ಅಂಗಡಿಗೆ ಬಂದರು. ಬೇರೆ ದೇಶಕ್ಕೆ ವರ್ಗವಾಗಿತ್ತಂತೆ, ಹೋಗುವ ಮುಂಚೆ ಊಟದ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಸಬೇಕಿತ್ತು. ನಾನು ಮೊದಲು ಹುಡುಗನನ್ನೇ ಕೇಳಿದೆ.

"ಆಡಿದ. ಮೊದಲಿನ ಜಾಗ ಸಿಗಲಿಲ್ಲ, ಆ ಜಾಗದಲ್ಲಿ ಆಡುತ್ತಿದ್ದವನು ಕೈ ಮುರಿದುಕೊಂಡಾಗ ಕೆಲವು ಪಂದ್ಯ ಸಿಕ್ಕವು. ಓಡಲಿಲ್ಲ. ನಿಂತು ಎಸೆದ," ಎಂದರು.

"ಗೆದ್ರಾ ಸರ್?"

"ಹೆಚ್ಚಿಗೆ ಸೋತೆವು." ಆಮೇಲೆ, "ಪ್ರತಿ ಸಲವೂ ನಡೆದುಕೊಂಡೇ ಮೈದಾನದಿಂದ ಹೊರಗೆ ಬಂದ," ಎಂದರು. ಅದನ್ನು ಹೇಳುವಾಗ ಅವರು ಕುರ್ಚಿಯ ಬಟ್ಟೆಯನ್ನೇ ಸವರುತ್ತಾ ಇದ್ದರು.

ಟೆಡ್ ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಕೇಳಿ ಕಳಿಸಬಹುದಿತ್ತು, ಕಳಿಸಲಿಲ್ಲ. ಒಬ್ಬರ ಒಳ್ಳೆಯದಕ್ಕೆಂದು ಆಡಿದ ಮಾತು ಅವರಿಗೆ ಎಷ್ಟು ನೋವು ಮಾಡಿತು ಎಂಬುದು ಆಡಿದವನಿಗೆ ಪೂರ್ತಿ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಆಡಬೇಕಾದಾಗ ಆಡಬೇಕು ಎಂಬುದನ್ನು ಆ ಜಗಲಿಯಲ್ಲಿ ಕಲಿತೆ. ಆ ಮೇಲೆ ಓದಿನ ಬಗ್ಗೆ ಯಾರು ಕೇಳಿದರೂ ಫೇಲು ಎಂದೇ ಹೇಳುತ್ತೇನೆ.

ಈಗ ನನಗೆ ಸ್ವಂತ ಅಂಗಡಿ ಒಂದು, ಹೊಲಿಗೆ ಯಂತ್ರ ನಾಲ್ಕು, ಕೆಲಸದವರು ಐದು ಜನ. ಒಬ್ಬಳು ಹೆಂಡತಿ. ಮಕ್ಕಳಿಬ್ಬರೂ ಪಾಸು, ಒಬ್ಬಳು ಎರಡನೇ ಸಲಕ್ಕೆ. ಮೊಣಕಾಲು ಎರಡೂ ಇವೆ, ಎಡಗಡೆಯದು ಜುಲೈ ಚಳಿಗೆ ನೋಯುತ್ತದೆ.